ನೊರೆಯೊಳಗಿನ ಸಾಕ್ಷಿ

ಹುಣಸೂರು, ಮಂಗಳವಾರ

ಅಕ್ಕನಿಗೆ ನಮಸ್ಕಾರ. ಬಸ್ಸು, ಕಾಫಿ, ಕ್ಷೌರ ಸೇರಿ ಹತ್ತಾಣೆ ಖರ್ಚಾಯಿತು. ನಿನ್ನ ಮಗಳು ಪುಟ್ಟಗೌರಿಗೆ ನೋಡಿದ ಗಂಡಿನ ಗುಣ ವಿಚಾರಿಸಲು ಇಲ್ಲಿಯ ಮರದಡಿಯ ಕ್ಷೌರದ ಕಟ್ಟೆಗಿಂತ ದೊಡ್ಡ ಕೋರ್ಟಿಲ್ಲವಂತೆ; ಅಲ್ಲೇ ಕೂತು ಕೇಳಿದೆ. ಮುಖವೆಲ್ಲ ಸೋಪಿನ ನೊರೆ ಬಳಿಸಿಕೊಂಡಿದ್ದ ಹಿರಿಯರೊಬ್ಬರು, "ಉಡ್ಗ ಅಪರಂಜಿ ಕಣ್ರೀ, ಇಸ್ಪೀಟು ಮುಟ್ಟಲ್ಲ" ಎಂದರು. ನಾನು ಕರಗಿಹೋದೆ. ಅಷ್ಟರಲ್ಲಿ ಪಕ್ಕದಲ್ಲಿದ್ದವನು, "ಕರಿಯಪ್ಪಣ್ಣ, ನಿನ್ ಮಗನ್ನ ನೀನೇ ಇಷ್ಟೊಂದ್ ಒಗಳ್ಬ್ಯಾಡ ಬುಡು, ಮರದ ಇಂದ್ಗಡೆ ಆಡ್ತಾ ಕುಂತವ್ನೆ" ಎಂದ. ಎದ್ದು ನೋಡಿದೆ. ನಿಜ, ಹುಡುಗ ಇಸ್ಪೀಟು ಮುಟ್ಟಿರಲಿಲ್ಲ, ಎದೆಗವಚಿಕೊಂಡಿದ್ದ. ಈ ಸಂಬಂಧ ಬೇಡ. ನೆಗಡಿಯೊಂದು ಬಿಟ್ಟರೆ ನಾನು ಕ್ಷೇಮ. ಬಸ್ಸು ಹಾರ್ನು ಹೊಡೆಯುತ್ತಿದೆ.

ಇಂತಿ ನಿನ್ನ ತಮ್ಮ ಬೋರಯ್ಯನ ಲೆಕ್ಕ: ನನಗೆ ನುಣ್ಣನೆಯ ಗಲ್ಲ, ಕಟ್ಟೆಯವರಿಗೆ ವಾರದ ನಗು, ಪುಟ್ಟಗೌರಿಗೆ ಇನ್ನೊಂದು ವರ್ಷ ತವರು.