ತಾಟು ಬೋರಲು ಹಾಕಬೇಡ, ಫಕೀರಪ್ಪ

ತೇಲುಬೀದಿ, ಸ್ಟಾಕ್ಟನ್
ಇಸವಿ ಎರಡು ಸಾವಿರದ ನೂರ ಐವತ್ತೊಂದು, ಎರಡನೇ ಬೇಸಿಗೆ, ಹುಣ್ಣಿಮೆಯ ಮರುದಿನ

ಲೇ ಫಕೀರಪ್ಪಾ,

ಮೊದಲು ಕಾಲು ಮಡಚಿಕೊಂಡು ಸರಿಯಾಗಿ ಕುಳಿತುಕೋ. ಹಿರಿಯರ ಕಾಗದ ಓದುವಾಗಲೂ ಆ ಫೋನು ನಿನ್ನ ತೊಡೆಯ ಮೇಲೆ ಇರುತ್ತದೆಂದು ನನಗೆ ಗೊತ್ತು. ಅದನ್ನು ಬೋರಲು ಹಾಕು. ಬೋರಲು ಹಾಕುವ ಚಟವಿದ್ದರೆ ಅದನ್ನು ಹಾಕು, ಬೇರೆ ಏನನ್ನೂ ಹಾಕಬೇಡ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಉಣ್ಣದೆ ಎದ್ದುಹೋಗುವವನು ನೀನು. ಅವ್ವ ದಿನವಿಡೀ ಮೋಟೆಲಿನವರ ಹಾಸಿಗೆಬಟ್ಟೆ ಒಗೆದು, ಬಂದು ರೊಟ್ಟಿ ಬಡಿದರೆ, ದೊರೆಗೆ ಸಿಟ್ಟು. ಹತ್ತೊಂಬತ್ತಕ್ಕೆ ಮೀಸೆ ಬಂದರೆ ಸಾಲದು, ಸಿಟ್ಟು ನುಂಗುವ ಗಂಟಲೂ ಬರಬೇಕು.

ನೀನು ನನ್ನ ಮುತ್ತಜ್ಜ. ನ್ಯಾಯವಾಗಿ ನಾನು ನಿನ್ನ ಕಾಲಿಗೆ ಬಿದ್ದು ಬರೆಯಬೇಕಾದವಳು. ಆದರೆ ನೀನು ಇದನ್ನು ಓದುವ ದಿನ ನಿನಗೆ ಹತ್ತೊಂಬತ್ತು, ನನಗೆ ಎಪ್ಪತ್ತು ದಾಟಿದೆ. ವಯಸ್ಸಿಗೆ ತಕ್ಕಂತೆ ಬೈಯುತ್ತೇನೆ, ಸಂಬಂಧಕ್ಕೆ ತಕ್ಕಂತೆ ನಮಸ್ಕಾರ ಮಾಡುತ್ತೇನೆ. ಎರಡನ್ನೂ ತೆಗೆದುಕೋ.

ನನ್ನ ಮಾತು ವಿಚಿತ್ರವಾಗಿ ಕಂಡರೆ ಮನ್ನಿಸು. ನಾನು ಕಲಿತದ್ದು ನಾಲ್ಕನೇ ಇಯತ್ತೆ, ಅದೂ ಇಲ್ಲಿಂದ ದಕ್ಷಿಣಕ್ಕೆ, ಜೋಳದ ಹೊಲಗಳ ನಡುವಿನ ಒಂದು ಹಳ್ಳಿಯಲ್ಲಿ. ನಿನ್ನ ಕಾಲಕ್ಕೆ ಅಲ್ಲೆಲ್ಲ ಬಾದಾಮಿ ತೋಟಗಳಿವೆಯಂತೆ. ಇದ್ದಬದ್ದ ನೀರನ್ನೆಲ್ಲ ಕುಡಿದು ಅವು ಸತ್ತವು. ಬಿಸಿಲಿಗೆ ಬಗ್ಗದ ಜೋಳ ಬಂತು, ಜೋಳದ ಹಿಂದೆ ಅದನ್ನು ಬೆಳೆಯಬಲ್ಲ ನಮ್ಮ ಮಂದಿ ಬಂದರು. ನಮ್ಮ ಮಾಸ್ತರರು ಅರ್ಧ ದಿನ ಅಕ್ಷರ ಕಲಿಸಿ ಅರ್ಧ ದಿನ ತೆನೆಗೆ ಬಂದ ಹಕ್ಕಿ ಓಡಿಸಲು ಕಳಿಸುತ್ತಿದ್ದರು. ನನ್ನ ಕೆಲವು ಒತ್ತಕ್ಷರಗಳನ್ನು ಹಕ್ಕಿಗಳೇ ತಿಂದುಹೋಗಿವೆ.

ಈ ಕಾಗದ ಬಂದದ್ದು ಹಿಂದಂಚೆಯಲ್ಲಿ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆ ಅದು. ರಕ್ತಸಂಬಂಧಿಗೆ ಮಾತ್ರ, ಜೀವಮಾನದಲ್ಲಿ ಒಂದೇ ಸಲ. ಹೆಚ್ಚಿನವರು ಅದನ್ನು ಬಳಸುವುದು ಮುತ್ತಜ್ಜಿ ಬಂಗಾರ ಎಲ್ಲಿ ಹೂತಿದ್ದಾಳೆಂದು ಕೇಳಲು. ಅಂಚೆಯ ಹುಡುಗಿ ನನ್ನನ್ನೂ ಹಾಗೆಯೇ ತಿಳಿದು, ‘ಬಂಗಾರದ ವಿಚಾರೇನ್ರಿ ಆಯಿ?’ ಎಂದಳು. ‘ಅಲ್ಲವಾ, ತಾಟಿನ ವಿಚಾರ’ ಎಂದೆ. ಅವಳ ಮುಖ ಸಣ್ಣದಾಯಿತು. ಈ ಊರಿನಲ್ಲಿ ತಾಟು ಎಂದರೆ ಯಾರೂ ನಗುವುದಿಲ್ಲ.

ಏಕೆಂದು ಹೇಳಬೇಕಾದರೆ ಊರು ತೋರಿಸಬೇಕು. ನೀನು ಬಸ್ಸಿಗೆ ಕಾಯುವ ಮೂಲೆಯಲ್ಲಿ ಈಗ ಎದೆಮಟ್ಟ ನೀರು. ಹೊಳೆಯೂ ಸಮುದ್ರವೂ ಸೇರಿ ಒಳಗೆ ಬಂದ ಮೇಲೆ ಬೀದಿಗಳನ್ನು ಗಾಳಿಡಬ್ಬಿಗಳ ಮೇಲೆ ತೇಲಿಸಿ ಕಟ್ಟಿದ್ದಾರೆ. ಅದಕ್ಕೇ ತೇಲುಬೀದಿ ಎನ್ನುತ್ತೇವೆ. ದಪ್ಪನೆಯ ಹೆಂಗಸು ನಡೆದರೆ ಪಕ್ಕದ ಮನೆಯ ಚಹಾ ತುಳುಕುತ್ತದೆ, ಆಮೇಲೆ ಜಗಳ. ವರ್ಷಕ್ಕೆ ಎರಡು ಬೇಸಿಗೆ: ಮೊದಲನೆಯದು ಬೇಯಿಸುತ್ತದೆ, ಎರಡನೆಯದು ಒಣಗಿಸುತ್ತದೆ. ಹಗಲು ಮಲಗಿ ಸಂಜೆ ಏಳುತ್ತೇವೆ. ಬೀದಿಯ ಉದ್ದಕ್ಕೂ ಮನೆಯಿಂದ ಮನೆಗೆ ಬಿಳಿ ಬಟ್ಟೆ ಎಳೆದು ಕಟ್ಟಿರುತ್ತದೆ, ಆಕಾಶಸೀರೆ ಎಂದು ಅದರ ಹೆಸರು. ಅದಿಲ್ಲದಿದ್ದರೆ ಮುದುಕರು ಒಂದು ವಾರ ಬದುಕುವುದಿಲ್ಲ. ಜೋಳದ ರೊಟ್ಟಿ ಈಗ ಎಲ್ಲ ಬಣ್ಣದವರ ಊಟ. ರೊಟ್ಟಿ ಬಡಿಯುವ ಯಂತ್ರವೂ ಇದೆ. ಅದು ಕೊಡುವುದನ್ನು ಕಾಲಿಗೆ ಹಾಕಿಕೊಳ್ಳಬಹುದು, ತಿನ್ನಲಾಗದು. ಮೊಸರು ಮಾತ್ರ ನಿನ್ನ ಮನೆಯದೇ. ನಿನ್ನ ಅವ್ವ ಊರಿನಿಂದ ಬರುವಾಗ ಬಟ್ಟೆಯ ತುಂಡಿಗೆ ಹೆಪ್ಪು ಸವರಿ ಒಣಗಿಸಿ ತಂದಳಲ್ಲ, ಅದೇ ಹೆಪ್ಪು ಒಂದು ಗಡಿಗೆಯಿಂದ ಇನ್ನೊಂದಕ್ಕೆ ಇಳಿಯುತ್ತ ನನ್ನ ಅಡುಗೆಮನೆಯವರೆಗೆ ಬಂದಿದೆ.

ಇನ್ನು ನಿನ್ನ ಗ್ಯಾಂಗು. ಗ್ಯಾಂಗು ಎಂದರೆ ನಿನಗೆ ನಗು ಬರುತ್ತದೆ, ನೀವು ಈಗ ಕೈಬೆರಳಿಗೆ ಎಣಿಸುವಷ್ಟು ಹುಡುಗರು. ಶುರುವಾದದ್ದು ಒಂದು ಅಂಗಿಯಿಂದ ಎಂಬುದು ನಮಗೆಲ್ಲ ಬಾಯಿಪಾಠ. ಅವ್ವ ಅಗ್ಗದ ರಾಶಿಯಿಂದ ಕೆಂಪಂಗಿ ತಂದಳು, ನೀನು ತೊಟ್ಟು ಹೋದೆ, ಆ ಬೀದಿ ನೀಲಿ ತೊಡುವ ಗುಂಪಿನವರದು, ಕೆಂಪು ಅವರ ವೈರಿಗಳ ಬಣ್ಣ. ನಿನ್ನನ್ನು ನೀಲಿಯವರು ಹೊಡೆದರು, ಮರುದಿನ ಕೆಂಪಿನವರು ನಮ್ಮವನಲ್ಲದವನಿಗೆ ನಮ್ಮ ಬಣ್ಣವೇಕೆ ಎಂದು ಹೊಡೆದರು. ನಿನ್ನ ಅಪ್ಪ ಹೆದ್ದಾರಿಯ ಢಾಬಾದಲ್ಲಿ ತಂದೂರಿನ ಮುಂದೆ ನಿಂತವನು ಮನೆಗೆ ಬರುವುದೇ ವಾರಕ್ಕೊಮ್ಮೆ. ಪೊಲೀಸರು ನಿನ್ನ ಹೆಸರು ಬರೆದುಕೊಳ್ಳಲು ಹೋಗಿ ಬೇಸತ್ತು ಬಿಟ್ಟರು. ಆಗ ನಿನ್ನನ್ನು ಎತ್ತಿ ಮನೆಗೆ ತಂದವರು ಇಬ್ಬರು: ಈರುಳ್ಳಿ ಕೀಳುವ ಮೆಕ್ಸಿಕೋದವಳ ಮಗ ತೊಮಾಸ್, ಕೆಳಗಿನ ಮನೆಯ ಕರಿಯ ಹುಡುಗ ಲಯೊನೆಲ್. ಅವ್ವನ ಹತ್ತಿರ ಇದ್ದದ್ದು ಒಂದೇ ದೊಡ್ಡ ತಾಟು. ಮೂವರನ್ನೂ ಅದರ ಸುತ್ತ ಕೂರಿಸಿ, ರೊಟ್ಟಿ, ಪುಂಡಿಪಲ್ಲೆ, ಮೊಸರು ಹಾಕಿ ಅಂದಳು: ‘ಒಂದ ತಾಟಿನ್ಯಾಗ ಉಂಡವರು ಅಣ್ಣತಮ್ಮಂದಿರು. ಒಬ್ಬನ್ನ ಬಿಟ್ಟು ಒಬ್ಬ ಮನೀಗೆ ಬರಬ್ಯಾಡ್ರಿ.’ ಅವಳು ಹೇಳಿದ್ದು ಶಾಲೆಯಿಂದ ಮನೆಗೆ ಬರುವ ದಾರಿಯ ಮಾತು. ನೂರಿಪ್ಪತ್ತು ವರ್ಷ ಅದನ್ನು ಜನ ಮಂತ್ರದಂತೆ ಹೇಳುತ್ತಾರೆಂದು ಪಾಪ ಅವಳಿಗೇನು ಗೊತ್ತು.

ಈಗ ಅದಕ್ಕೆ ತಾಟಿನ ಮಂದಿ ಎಂದು ಹೆಸರು. ಕನ್ನಡ ಒಂದಕ್ಷರ ಬಾರದವರೂ ಅದರಲ್ಲಿ ಅಡುಗೆಮನೆಯ ಕನ್ನಡ ಆಡುತ್ತಾರೆ. ಹೊಸದಾಗಿ ಸೇರಿದವರು ಹಿಟ್ಟು, ಅವರನ್ನು ನಾದಬೇಕು. ಬೀದಿಯ ತುದಿಯಲ್ಲಿ ನಿಂತು ಯಾರು ಬಂದರು ಎಂದು ನೋಡುವವರು ಕಣ್ಣು. ಅಂಗಡಿಯವರಿಂದ ವಸೂಲಿ ತರುವವರು ಕಟ್ಟಿಗೆ. ಹೊಡೆಯುವವರು ಕೈ, ಅವರ ವಿಚಾರ ಬರೆಯಲು ಮನಸ್ಸಿಲ್ಲ. ಎಲ್ಲರ ಮೇಲೆ ಒಬ್ಬರು, ಅವರು ಒಲೆ. ಈಗ ಒಲೆಯಾಗಿರುವವಳು ಡೋರೀನ್, ನಿನ್ನ ಲಯೊನೆಲ್‌ನ ಮೊಮ್ಮಗನ ಮಗಳು, ನನ್ನ ಕೈಯ ರೊಟ್ಟಿ ತಿಂದೇ ಬೆಳೆದವಳು. ತಾಟಿನವರ ಮಕ್ಕಳನ್ನು ಸೇರುತ್ತೀರಾ ಎಂದು ಯಾರೂ ಕೇಳುವುದಿಲ್ಲ, ಹುಟ್ಟುತ್ತಲೇ ಅವು ಹಿಟ್ಟು. ಪ್ರತಿ ಅಮಾವಾಸ್ಯೆ ಎಲ್ಲರೂ ಸೇರಿ ದೊಡ್ಡ ತಾಟಿನಲ್ಲಿ ಉಣ್ಣುತ್ತಾರೆ. ಉಣ್ಣುವ ಮುಂಚೆ ನಿನ್ನ ಕಥೆ ಹೇಳುತ್ತಾರೆ, ಅಂಗಿಯಿಂದ ಹಿಡಿದು.

ಇದನ್ನು ಹುಟ್ಟಿಸಲೇಬೇಡ ಎಂದು ಬರೆಯಲು ಕುಳಿತೆ, ಬರೆಯಲಾಗಲಿಲ್ಲ. ನೀರು ಬಂದ ವರ್ಷ ನಗರಸಭೆ ಓಡಿಹೋದಾಗ ಮುದುಕರನ್ನು ಮಾಳಿಗೆಯಿಂದ ಇಳಿಸಿದವರು ತಾಟಿನವರು. ಆಕಾಶಸೀರೆಯನ್ನು ಇಂದಿಗೂ ಹೊಲಿಯುವವರು, ಬಿಗಿಯುವವರು ಅವರೇ. ಅದೇ ಮಂದಿ ಆ ನೆರಳಿಗೆ ವಸೂಲಿಯನ್ನೂ ಮಾಡುತ್ತಾರೆ, ಕೊಡದವರ ಬಾಗಿಲ ಮೇಲಿನ ಬಟ್ಟೆ ಹರಿಯುತ್ತಾರೆ. ಒಂದೇ ಕೈ ಉಣಿಸುತ್ತದೆ, ಹೊಡೆಯುತ್ತದೆ. ನನ್ನ ಅವ್ವ ಅಪ್ಪನನ್ನು ಕಂಡದ್ದೂ ಆ ತಾಟಿನ ಪಂಕ್ತಿಯಲ್ಲೇ. ನೀನು ಅದನ್ನು ಹುಟ್ಟಿಸದಿದ್ದರೆ ಈ ಕಾಗದ ಬರೆದು ನಿನಗೆ ಬೈಯುವವರು ಯಾರು?

ವಿಷಯಕ್ಕೆ ಬರುತ್ತೇನೆ. ನನ್ನ ಮೊಮ್ಮಗಳು ದ್ಯಾಮವ್ವ ತಾಟಿನಲ್ಲಿ ಕಣ್ಣು. ಎರಡು ಬೀದಿ ಆಚೆ ಬೆಕ್ಕು ಹಾರಿದರೂ ಹೇಳುತ್ತಾಳೆ. ಈಗ ಬಸುರಿ. ಆಚೆ ದಂಡೆಯಲ್ಲಿ ದೋಣಿಯ ಎಂಜಿನ್ ರಿಪೇರಿ ಮಾಡುವ ಒಬ್ಬ ಮೌನಿ ಗಂಡು ಸಿಕ್ಕಿದ್ದಾನೆ. ನಾನು ಬೈದರೆ ನಗುತ್ತಾನೆ, ಆದ್ದರಿಂದ ಒಳ್ಳೆಯವನೇ ಇರಬೇಕು. ಹೋದ ವಾರ ನನ್ನ ತಲೆಗೆ ಎಣ್ಣೆ ಹಚ್ಚುತ್ತ ಅಂದಳು: ‘ಆಯಿ, ನನ್ನ ಕೂಸು ಹಿಟ್ಟು ಆಗೂದು ಬ್ಯಾಡ. ನಾ ತಾಟು ಬಿಡ್ತೀನಿ.’ ತಾಟು ಬಿಟ್ಟವರು ಈ ಊರಿನಲ್ಲಿ ಬದುಕಿಲ್ಲ. ಅಮಾವಾಸ್ಯೆಯ ದಿನ ಬಿಡುವವರ ಮುಂದೆ ಒಲೆಯಾದವರು ಒಂದು ತಾಟನ್ನು ಬೋರಲು ಹಾಕುತ್ತಾರೆ. ಮುಂದಿನದನ್ನು ಕೈಯಾದವರು ನೋಡಿಕೊಳ್ಳುತ್ತಾರೆ, ಕಾಲುವೆ ಮುಚ್ಚಿಕೊಳ್ಳುತ್ತದೆ.

ಈ ಪದ್ಧತಿ ಎಲ್ಲಿಂದ ಬಂತು ಕೇಳು. ನಿನ್ನಿಂದ. ಇನ್ನೂ ಮಾಡಿಲ್ಲ, ಮಾಡುತ್ತೀಯ. ಬರುವ ಅಮಾವಾಸ್ಯೆಗೆ ನೀವೆಲ್ಲ ಅವ್ವನ ತಾಟಿಗೆ ಕುಳಿತಾಗ ತೊಮಾಸ್ ತಲೆ ತಗ್ಗಿಸಿಕೊಂಡು ಹೇಳುತ್ತಾನೆ, ತಾನಿನ್ನು ಬರುವುದಿಲ್ಲ, ತಾಯಿಯನ್ನು ಕರೆದುಕೊಂಡು ಬೇರೆ ಊರಿಗೆ ಹೋಗಿ ನೆಟ್ಟಗೆ ದುಡಿಯುತ್ತೇನೆ ಎಂದು. ನಿನಗೆ ಕರುಳು ಕಿತ್ತಂತಾಗುತ್ತದೆ. ಅತ್ತುಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ನೀನು ಉಪ್ಪು ಹೆಚ್ಚಾದ ದಿನ ಮಾಡುವುದನ್ನೇ ಮಾಡುತ್ತೀಯ: ಒಂದು ಮಾತೂ ಆಡದೆ ನಿನ್ನ ಮುಂದಿನ ತಾಟನ್ನು ಬೋರಲು ಹಾಕಿ, ಗೋಡೆಯ ಕಡೆ ಮುಖ ಮಾಡಿ ಮಲಗುತ್ತೀಯ. ನಮ್ಮ ಯಾವ ಮನೆಯಲ್ಲಾದರೂ ಅದಕ್ಕೆ ಒಂದೇ ಅರ್ಥ. ಹುಡುಗ ಮುನಿದಿದ್ದಾನೆ, ಉಣ್ಣುವುದಿಲ್ಲ, ತಾಯಿ ಬಂದು ರಮಿಸಬೇಕು. ಆದರೆ ಅಲ್ಲಿ ಕುಳಿತ ಉಳಿದ ಹುಡುಗರು ನಮ್ಮ ಮನೆಗಳಲ್ಲಿ ಬೆಳೆದವರಲ್ಲ. ನಾಯಕ ಮಾತಾಡದೆ ತಾಟು ಮಗುಚಿದ ಎಂದರೆ ತೊಮಾಸ್‌ನ ಕಥೆ ಮುಗಿಯಿತೆಂದು ಅವರು ತಿಳಿದರು. ನೀನು ಮುನಿಸಿನಲ್ಲಿ ನಿದ್ದೆಹೋದೆ. ಬೆಳಿಗ್ಗೆ ಹಸಿವಾಗಿ, ತೊಮಾಸ್‌ನ ಪಾಲಿನ ರೊಟ್ಟಿಯನ್ನೂ ಎತ್ತಿಟ್ಟುಕೊಂಡು ಅವನನ್ನು ಹುಡುಕಿ ಹೊರಟೆ. ಕಾಲುವೆಯಲ್ಲಿ ಸಿಕ್ಕ.

ಇದನ್ನು ನೀನು ಯಾರಿಗೂ ಹೇಳಲಿಲ್ಲವಂತೆ. ಕೊನೆಗಾಲದಲ್ಲಿ ನನ್ನ ಅವ್ವನಿಗೆ ಒಮ್ಮೆ ಹೇಳಿದೆ, ಅವಳು ಏಕೆ ತಾತ ತಾಟಿನಲ್ಲಿ ಉಣ್ಣುವುದಿಲ್ಲ ಎಂದು ಹಟ ಹಿಡಿದು ಕೇಳಿದ್ದಕ್ಕೆ. ಮುದುಕನಾಗುವವರೆಗೂ ನೀನು ರೊಟ್ಟಿಯನ್ನು ಅಂಗೈಯ ಮೇಲೇ ಇಟ್ಟುಕೊಂಡು, ಪಲ್ಲೆಯನ್ನು ಅದರ ಮೇಲೇ ಹಾಕಿಸಿಕೊಂಡು ತಿಂದೆ. ಬಿಸಿ ಪಲ್ಲೆಗೆ ಅಂಗೈ ಸುಟ್ಟು ಬೊಬ್ಬೆ ಬರುತ್ತಿತ್ತಂತೆ. ಅದನ್ನು ಕೇಳಿದ ದಿನದಿಂದ ನಿನ್ನ ಮೇಲೆ ನನಗೆ ಸಿಟ್ಟು ಪೂರ್ತಿ ನಿಲ್ಲುವುದಿಲ್ಲ, ಹಾಲು ಉಕ್ಕಿದಂತೆ ಉಕ್ಕಿ ಇಳಿಯುತ್ತದೆ.

ನಾನು ಸುಮ್ಮನೆ ಕೂರಲಿಲ್ಲ. ಡೋರೀನ್‌ಳನ್ನು ಕೂರಿಸಿ, ರೊಟ್ಟಿ ಹಾಕಿ, ಇದೆಲ್ಲ ಹೇಳಿದೆ. ‘ಅದು ಸಾವಿನ ಗುರುತಲ್ಲವಾ, ಉಪ್ಪಿನ ಸಿಟ್ಟು’ ಎಂದೆ. ಅವಳು ಕೈಯಲ್ಲಿದ್ದ ತುತ್ತನ್ನು ತಿರುಗಿ ತಾಟಿಗಿಟ್ಟಳು. ಆಮೇಲೆ ಅಂದಳು: ‘ಆಯಿ, ನೀ ಹೇಳೂದು ಖರೆ ಇರಬಹುದು. ಆದ್ರ ಫಕೀರಜ್ಜ ಬೋರಲ ಹಾಕಿದ್ದನ್ನ ನಾ ಹೆಂಗ ಅಂಗಾತ ಮಾಡ್ಲಿ? ಇವತ್ತ ದ್ಯಾಮೀನ್ನ ಬಿಟ್ರ ನಾಳೆ ಕೈಯಿನವರು ನನ್ನ ಮುಂದ ತಾಟು ಮಗಚ್ತಾರ. ಅಜ್ಜ ಮಾಡಿದ್ದನ್ನ ಅಜ್ಜನ ತಿರುಗಿಸಬೇಕು.’ ಹೋಗುವಾಗ ನನ್ನ ಕಾಲು ಮುಟ್ಟಿದಳು. ಅವಳಿಗೂ ದ್ಯಾಮಿ ತಂಗಿಯಿದ್ದಂತೆ. ಅದಕ್ಕೇ ನಾನು ಹಿಂದಂಚೆಗೆ ಹೋದದ್ದು. ಅಜ್ಜನೇ ತಿರುಗಿಸಲಿ.

ಏನು ಮಾಡಬೇಕೆಂದು ನಿನಗೆ ಗೊತ್ತಿದೆ, ನೀನೇ ಕಂಡಿದ್ದೀಯ. ಊರಿನಲ್ಲಿ ನಿನ್ನ ಕಾಕಾ ಬೇರೆಯಾದಾಗ ನಿನ್ನ ಅಪ್ಪನ ಅವ್ವ, ಆ ಮುದುಕಿ, ಸೊಸೆಗೆ ಬೈಯುತ್ತಲೇ ಒಂದು ಬಟ್ಟಲು ಹೆಪ್ಪು ಕೊಟ್ಟು ಕಳಿಸಲಿಲ್ಲವೇ? ಒಲೆ ಬೇರೆಯಾದರೂ ಮೊಸರು ಒಂದೇ. ಬೇರೆಯಾದವರ ಮೇಲೆ ಸಿಟ್ಟಿರಬಹುದು, ಹಬ್ಬಕ್ಕೆ ಮಾತು ಬಿಡಬಹುದು, ಆದರೆ ಹೆಪ್ಪು ಕೊಟ್ಟ ಮನೆಗೆ ಯಾರೂ ಕೈ ಎತ್ತುವುದಿಲ್ಲ. ನೀನು ಒಟ್ಟಿಗೆ ಉಣ್ಣುವ ಪದ್ಧತಿಯನ್ನು ಮಾತ್ರ ಆ ಹುಡುಗರಿಗೆ ಕಲಿಸಿದೆ, ಬೇರೆಯಾಗುವ ಪದ್ಧತಿ ಕಲಿಸಲಿಲ್ಲ. ಬಾಗಿಲು ಇಟ್ಟೆ, ಒಳಗೆ ಬರಲು ಮಾತ್ರ.

ಆದ್ದರಿಂದ ಕೇಳು. ತೊಮಾಸ್ ಹೋಗುತ್ತೇನೆ ಎಂದಾಗ ನಿನ್ನ ಕೈ ತಾಟಿನ ಅಂಚಿಗೆ ಹೋಗುತ್ತದೆ. ಆ ಕೈಯನ್ನು ಮೊಸರಿನ ಗಡಿಗೆಗೆ ಹಾಕು. ಒಂದು ಬಟ್ಟಲು ಹೆಪ್ಪು ತೆಗೆದು, ಎಲ್ಲರೂ ನೋಡುವಂತೆ, ಅವನ ಕೈಗೆ ಕೊಡು. ಬಾಯಿ ಬಿಟ್ಟು ಹೇಳು: ‘ಹೋಗು, ಇದು ನಿನ್ನ ಮನೀದು.’ ಇಂಗ್ಲಿಷಿನಲ್ಲಾದರೂ ಹೇಳು, ಆದರೆ ಹೇಳು. ಅಳು ಬಂದರೆ ಅಳು, ಲಯೊನೆಲ್ ನಗುವುದಿಲ್ಲ. ಆಮೇಲೆ ಬೇಕಾದರೆ ಗೋಡೆಗೆ ಮುಖ ಮಾಡಿ ಮಲಗು, ಅಷ್ಟು ಮುನಿಸು ನಿನಗೆ ಬಿಟ್ಟಿದ್ದೇನೆ. ತಾಟು ಮಾತ್ರ ಅಂಗಾತವೇ ಇರಲಿ.

ನೀನು ಕೊಟ್ಟರೆ ನನಗೆ ತಿಳಿಯುತ್ತದೆ. ಈ ಅಮಾವಾಸ್ಯೆಗೆ ದ್ಯಾಮಿ ಎದ್ದು ನಿಂತಾಗ ಡೋರೀನ್ ತಾಟಿಗೆ ಕೈ ಹಾಕುವ ಬದಲು ಗಡಿಗೆಗೆ ಹಾಕುತ್ತಾಳೆ, ಅದು ಮೊದಲಿನಿಂದಲೂ ಹಾಗೆಯೇ ಇತ್ತು ಎಂಬಂತೆ. ನಾನೂ ಬಹುಶಃ ಈ ಕಾಗದ ಏಕೆ ಬರೆದೆನೆಂದು ಮರೆತಿರುತ್ತೇನೆ, ನಿನಗೆ ಬೈಯಲಿಕ್ಕೇ ಇರಬೇಕು ಎಂದುಕೊಳ್ಳುತ್ತೇನೆ. ಯಾವುದೋ ಊರಿನಲ್ಲಿ ತೊಮಾಸ್‌ನ ಮರಿಮೊಮ್ಮಗಳೊಬ್ಬಳು, ಈಗ ಇಲ್ಲದವಳು, ನಿನ್ನ ಅವ್ವನ ಹೆಪ್ಪಿನಿಂದ ಮೊಸರು ಹಾಕುತ್ತಿರುತ್ತಾಳೆ. ಒಂದು ದಿನ ಅವಳು ಬಟ್ಟಲು ಹಿಡಿದು ಬಂದರೆ ರೊಟ್ಟಿ ಹಾಕುತ್ತೇನೆ.

ಅವ್ವನ ಜೊತೆ ಇವತ್ತೇ ಮಾತಾಡು. ಪುಂಡಿಪಲ್ಲೆ ಚೆನ್ನಾಗಿತ್ತೆಂದು ಹೇಳು, ಸುಳ್ಳಾದರೂ ಪರವಾಗಿಲ್ಲ. ಕೆಂಪಂಗಿ ಸುಡು.

ಉತ್ತರವನ್ನು ಇದೇ ಲಕೋಟೆಯಲ್ಲಿ ಹಾಕಿ ಅಂಟಿಸಿದರೆ ತಾನೇ ಬರುತ್ತದೆ, ಅಂಚೆಯ ಹುಡುಗಿ ಹೇಳಿದ್ದಾಳೆ. ಉದ್ದ ಬೇಡ, ಕೊಟ್ಟೆ ಎಂದು ಬರೆದರೆ ಸಾಕು. ದ್ಯಾಮಿ ಆಚೆ ಕೋಣೆಯಲ್ಲಿ ಕೂಸಿನ ಕುಲಾಯಿ ಹೊಲಿಯುತ್ತಿದ್ದಾಳೆ, ಬೀದಿ ಅಲುಗಿದಾಗಲೆಲ್ಲ ಸೂಜಿ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಾಳೆ. ಅಮಾವಾಸ್ಯೆ ಬರುವುದರೊಳಗೆ ಬರೆ. ನಿನ್ನ ಮರಿಮೊಮ್ಮಗಳು ಹೇಳುತ್ತಿದ್ದೇನೆ, ಎದ್ದು ಪೆನ್ನು ತಾ.

ಹೊನ್ನವ್ವ