ಮೊದಲೇ ಕುದಿಸಿಟ್ಟ ಬಟ್ಟೆ

ಮಂಗಳವಾರ, ಲಾಂಡ್ರಿಯಿಂದಲೇ

ಚಿನ್ನೂ, ನನ್ನ ದೊಡ್ಡ ಮಗಳೇ,

ನಿನ್ನ ಕಾಗದ ಬಂತು. ನಿನ್ನ ಹೆರಿಗೆಗೂ ನಮ್ಮ ಸೂಲಗಿತ್ತಿಯನ್ನೇ ಕಳಿಸು, ಮನೆಯಲ್ಲೇ ಆಗಲಿ ಅಂತ ಬರೆದಿದ್ದೀಯ. ಬಾಗಿಲು ಹಾಕಿಕೊಂಡರೆ ಯಾರಿಗೆ ಗೊತ್ತಾಗುತ್ತೆ ಅಂತ ಬೇರೆ ಕೇಳಿದ್ದೀಯ. ಉತ್ತರ ಕೊಡುವ ಮುಂಚೆ ನಿನ್ನ ತಂಗಿ ಪುಟ್ಟಿಯ ಹೆರಿಗೆಗೆ ತಗಲಿದ ಖರ್ಚು ಹೇಳುತ್ತೇನೆ, ಕೇಳು. ದುಡ್ಡಿನ ಮಾತಲ್ಲ. ಒಂದು ಹಾಸಿಗೆ. ಪುಟ್ಟಿಯ ಮೈಯ ಅರ್ಧ ನೆತ್ತರು. ಮೊಮ್ಮಗಳು ಹುಟ್ಟಿದ ದಿನದ ಸಂತೋಷ ಅಷ್ಟೂ. ಸೂಲಗಿತ್ತಿಯ ಪರವಾನಗಿ. ಮತ್ತೆ ನನ್ನ ನಾಲಿಗೆಯ ಮೇಲೆ ನನಗಿದ್ದ ನಂಬಿಕೆ.

ಹೊಸ ಕಾನೂನು ಏನನ್ನುತ್ತೆ ಅಂತ ನಿನಗೆ ಯಾರೂ ಬಿಡಿಸಿ ಹೇಳಿದ ಹಾಗಿಲ್ಲ. ಮನೆಯಲ್ಲಿ ಹೆರುವುದು ತಪ್ಪಲ್ಲ, ಹೆರಿಸುವುದು ತಪ್ಪು. ಸೂಲಗಿತ್ತಿ ಎಷ್ಟೇ ಓದಿರಲಿ, ಆಸ್ಪತ್ರೆಯೊಳಗೇ ಕೆಲಸ ಮಾಡಬೇಕು. ನೋವು ದಿಢೀರನೆ ಬಂದು, ಬೇರೆ ದಾರಿ ಕಾಣದೆ ಹೆರಿಸಿದರೆ ಮಾಫಿ. ಮೊದಲೇ ಮಾತಾಡಿಕೊಂಡಿದ್ದರೆ ಅಪರಾಧ. ಹೊಳೆಗೆ ಇಳಿಯಬಹುದು, ಈಜು ಬಲ್ಲವರು ಮಾತ್ರ ದಡದಲ್ಲೇ ನಿಂತಿರಬೇಕು ಅಂದ ಹಾಗೆ.

ಪುಟ್ಟಿಯ ಮೊದಲ ಹೆರಿಗೆ ನಿನಗೆ ಗೊತ್ತಲ್ಲ. ಆಸ್ಪತ್ರೆಯ ವರಾಂಡದಲ್ಲಿ ಒಬ್ಬಳೇ ಮಲಗಿ ಕೂಗಿ ಕೂಗಿ ಗಂಟಲು ಕಟ್ಟಿಕೊಂಡಳು. ಅಷ್ಟು ಅರಚಬೇಡ ಅಂದು ಹೋದ ನರ್ಸುಗಳು ತಿರುಗಿ ಬಂದದ್ದು ಮಗುವಿನ ತಲೆ ಕಂಡ ಮೇಲೆ. ಈ ಸಲ ಸತ್ತರೂ ಆ ಮೆಟ್ಟಿಲು ಹತ್ತಲ್ಲ ಅಂದಳು. ನಾನೂ ಹೂಂ ಅಂದೆ. ಸೂಲಗಿತ್ತಿ ಬೇಡಕ್ಕ, ಬೇಡಕ್ಕ ಅನ್ನುತ್ತಲೇ ಚೀಲ ಹಿಡಿದು ಬಂದಳು.

ಕೂಸೇನೋ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಮಾಸೂ ಬಿತ್ತು. ನೆತ್ತರು ಮಾತ್ರ ನಿಲ್ಲಲಿಲ್ಲ. ನೋಡುನೋಡುತ್ತಲೇ ಪುಟ್ಟಿಯ ತುಟಿ ಬ್ಲೀಚಿಗೆ ಅದ್ದಿದ ಬಟ್ಟೆಯ ಬಣ್ಣಕ್ಕೆ ತಿರುಗಿತು. ಸೂಲಗಿತ್ತಿ ನೆತ್ತರು ನಿಲ್ಲೋ ಸೂಜಿ ಚುಚ್ಚಿ, ಒಂದು ಕೈಯಲ್ಲಿ ಹೊಟ್ಟೆ ಅದುಮುತ್ತ, ಇನ್ನೊಂದರಲ್ಲಿ ತಾನೇ ಆಂಬುಲೆನ್ಸಿಗೆ ಫೋನು ಮಾಡಿದಳು. ಅವರು ಬರೋದರೊಳಗೆ ಹಿಂದಿನ ಬಾಗಿಲಿಂದ ಹೊರಟುಬಿಡಿ, ನಿಮ್ಮ ಹೆಸರೇ ಎತ್ತಲ್ಲ ಅಂತ ಅಳಿಯ ಅಂಗಲಾಚಿದ. ನಾನು ಕೈ ತೆಗೆದರೆ ಇವಳು ಹೋಗ್ತಾಳೆ ತಮ್ಮಾ, ಸುಮ್ನಿರು ಅಂದಳು. ಆಂಬುಲೆನ್ಸಿನಲ್ಲೂ ಕೈ ತೆಗೆಯಲಿಲ್ಲ.

ಆ ಸೂಜಿಯೇ ಜೀವ ಉಳಿಸಿತು ಅಂತ ಡಾಕ್ಟರಮ್ಮನೇ ಹೇಳಿದರು. ಆದರೆ ಮನೆಯಲ್ಲಿ ಚುಚ್ಚೋ ಹಕ್ಕು ಇವರಿಗಿಲ್ಲ, ನಾನು ವರದಿ ಕೊಡಲೇಬೇಕು ಅಂದರು. ಕೆಟ್ಟವರಲ್ಲ. ಹೀಗೇ ಮನೆಯಲ್ಲಿ ಹೆತ್ತ ಇನ್ನೊಬ್ಬಳು ಆಸ್ಪತ್ರೆಯ ದಾರಿಯಲ್ಲೇ ತೀರಿಹೋದಳು ಅನ್ನುವಾಗ ಅವರ ಕಣ್ಣೂ ತುಂಬಿತ್ತು.

ತನಿಖೆಗೆ ಅಧಿಕಾರಿ ಅಂಗಡಿಗೇ ಬಂದ. ನಾನು ಸುಳ್ಳಿಗೆ ಗಂಜಿ ಹಾಕಿ, ಇಸ್ತ್ರಿ ಮಾಡಿ, ಮಡಿಸಿಟ್ಟಿದ್ದೆ. ನೋವು ದಿಢೀರಂತ ಬಂತು ಸ್ವಾಮಿ, ಸೂಲಗಿತ್ತಿ ತನ್ನ ಬಟ್ಟೆ ಒಯ್ಯೋಕೆ ಬಂದಿದ್ದಳು, ದೇವರೇ ಕಳಿಸಿದ ಹಾಗೆ ಅಂದೆ. ಬರೆದುಕೊಂಡ. ಪೆನ್ನು ಮುಚ್ಚಿದ. ಎದ್ದವನು ಹೋಗಬಾರದೇ? ಮೂಗು ಮುರಿದು, ಯಾವುದೋ ಹಳೇ ಕೊಳಕು ಬಟ್ಟೆ ಮೇಲೆ ಹೆರಿಸಿದ್ದೀರಿ, ನಂಜಾಗದೇ ಇದ್ದದ್ದು ನಿಮ್ಮ ಪುಣ್ಯ ಅಂದ.

ನನ್ನ ಬಟ್ಟೆಗೆ ಕೊಳಕು ಅಂದ, ಚಿನ್ನೂ! ಬಟ್ಟೆ ಒಗೆದೇ ನಿಮ್ಮಿಬ್ಬರನ್ನೂ ದಡ ಸೇರಿಸಿದವಳು ನಾನು. ಕೊಳಕಾ? ಎಂಟು ದಿನ ಮೊದಲೇ ಕುದಿಸಿ, ಎರಡೂ ಮಗ್ಗುಲು ಕಾದ ಇಸ್ತ್ರಿ ಎಳೆದು, ಹೆರಿಗೆಗೆ ಅಂತಲೇ ಕಟ್ಟಿಟ್ಟಿದ್ದೆ, ನಿಮ್ಮ ಅಂಗಿಗಿಂತ ಶುಭ್ರವಾಗಿತ್ತು ಅಂದುಬಿಟ್ಟೆ.

ಅವನು ಮೆಲ್ಲಗೆ ಮತ್ತೆ ಕೂತ. ಪೆನ್ನು ತೆರೆದ. ಎಂಟು ದಿನ ಮೊದಲೇನಾ ಅಮ್ಮಾ ಅಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನಿನ್ನೆ ವಿಚಾರಣೆ. ಮನೆಯವರೇ ಬಲವಂತ ಮಾಡಿದರು ಅಂತ ಹೇಳಿಬಿಡಿ, ನಿಮ್ಮನ್ನು ಬಿಟ್ಟು ಅವರನ್ನು ವಿಚಾರಿಸಿಕೊಳ್ಳುತ್ತೇವೆ ಅಂತ ವಿಚಾರಣೆ ಮಂಡಳಿಯ ಅಧ್ಯಕ್ಷರು ಸೂಲಗಿತ್ತಿಗೆ ದಾರಿ ತೋರಿಸಿದರು. ನಾನು ಬೆಂಚಿನ ಅಂಚು ಹಿಡಿದು ಕೂತಿದ್ದೆ. ಹೇಳಿ ಉಳಿದುಕೊಳ್ಳಲಿ ಅಂತ ಒಂದು ಮನಸ್ಸು, ಹೇಳದಿದ್ದರೆ ಸಾಕಪ್ಪಾ ಅಂತ ಇನ್ನೊಂದು. ಎರಡನೆಯದೇ ದೊಡ್ಡದಿತ್ತು, ನಿನಗೊಬ್ಬಳಿಗೇ ಹೇಳುತ್ತಿದ್ದೇನೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕರೆದರು, ಗೊತ್ತಿದ್ದೇ ಹೋದೆ ಅಂದಳು. ಪರವಾನಗಿ ಕಿತ್ತುಕೊಂಡರು. ಇನ್ನೊಂದು ಸಲ ಮನೆಯಲ್ಲಿ ಹೆರಿಸಿದರೆ ಜೈಲಂತೆ. ಮೆಟ್ಟಿಲಿಳಿಯುವಾಗ ನಾನು ಬಾಯಿ ತೆರೆಯೋಕೆ ಮುಂಚೆ ಅವಳೇ ಅಂದಳು, ಬಟ್ಟೆಯೇನೋ ಶುಭ್ರವಾಗೇ ಇತ್ತು ಬಿಡಕ್ಕ.

ಅದಕ್ಕೇ ನಿನ್ನ ಮನೆಗೆ ಅವಳನ್ನು ಕಳಿಸಲ್ಲ. ಬಾ ಅಂದರೆ ಬಂದೇಬಿಡುತ್ತಾಳೆ, ನನ್ನ ಭಯ ಅದೇ.

ಯಾರಿಗೆ ಏನು ದಕ್ಕಿತು ಅಂತೀಯಾ? ಕೂಸಿಗೆ ತಾಯಿ. ಪುಟ್ಟಿಗೆ ಜೀವ. ಅಧಿಕಾರಿಗೆ ಶಹಬ್ಬಾಸ್‌ಗಿರಿ. ನನಗೆ ಮೊಮ್ಮಗಳು. ಸೂಲಗಿತ್ತಿಗೆ ಏನೂ ಇಲ್ಲ.

ನಿನ್ನ
ಅಮ್ಮ

ತಾ.ಕ.: ನಿಮ್ಮೂರ ಆಸ್ಪತ್ರೆಗೆ ಫೋನು ಮಾಡಿ ನಿನ್ನ ಹೆಸರು ಬರೆಸಿದ್ದೇನೆ. ಹೆರಿಗೆ ಕೋಣೆಯೊಳಗೆ ಕೈ ಹಿಡಿದು ಕೂರೋಕೆ ಮನೆಯ ಒಬ್ಬ ಹೆಂಗಸನ್ನು ಬಿಡುತ್ತಾರಂತೆ. ಯಾರು ಬರುತ್ತಾರೆ ಅಂದರು. ಹುಡುಗಿಯ ಚಿಕ್ಕಮ್ಮ ಅಂದೆ. ಚಿಕ್ಕಮ್ಮನಾಗಿ ಬರೋಕೆ ಸೂಲಗಿತ್ತಿ ಒಪ್ಪಿದ್ದಾಳೆ. ನಮ್ಮಮ್ಮನಿಗೆ ತಂಗಿಯೇ ಇಲ್ಲವಲ್ಲ ಅಂತ ಅಲ್ಲಿ ಬಾಯಿ ಬಿಡಬೇಡ. ಒಂದು ಮನೆಗೆ ಒಬ್ಬಳು ಬಾಯಿಬಡುಕಿ ಸಾಕು.