ಅಂಚಿಗಂಟಿದ ಅಯಸ್ಕಾಂತ

ಗ್ರೋನಿಂಗನ್
೧೪ ನವೆಂಬರ್ ೨೦೨೩

ಪ್ರೀತಿಯ ರೆನ್ಸ್ಕೆ,

ನಿನ್ನ ಬೇಸಿಗೆಯ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. ನಿನ್ನ ಶಾಲೆಯ ಮಕ್ಕಳು ಈ ಸಲವೂ ಪ್ರಯೋಗಾಲಯದ ಗಾಜು ಒಡೆದದ್ದನ್ನು ಓದಿ ನಕ್ಕೆ. ತಡವಾದದ್ದು ಸೋಮಾರಿತನದಿಂದಲ್ಲ, ನಮ್ಮ ಹಳೆಯ ಪದರದಿಂದ.

ಅದೇ, ಇಪ್ಪತ್ತೊಂದು ವರ್ಷದ ಹಿಂದೆ ನಾವಿಬ್ಬರೂ ಬೇರೆಬೇರೆಯಾಗಿ ಬೆಳೆಸಿದ ಮ್ಯಾಂಗನೀಸ್ ಆಕ್ಸೈಡಿನ ತೆಳುಪದರ. ಪರಮಾಣುಗಳ ಅಂತರ ತನಗಿಂತ ತುಸು ಹೆಚ್ಚಿರುವ ಹರಳಿನ ಮೇಲೆ ಕೂರಿಸಿದರೆ ಪದರ ಹಿಗ್ಗುತ್ತದೆ, ಆ ಎಳೆತಕ್ಕೆ ಪರಮಾಣುಗಳ ದಿಕ್ಸೂಚಿಯಂಥ ಕಾಂತಮುಳ್ಳುಗಳೆಲ್ಲ ಒಂದೇ ಕಡೆ ತಿರುಗುತ್ತವೆ ಎಂದು ಬರೆದು ನಾನು ಹೆಸರು ಮಾಡಿದೆ. ನನ್ನ ಪದರ ಅಯಸ್ಕಾಂತವಾಯಿತು, ನಿನ್ನದು ಆಗಲೇ ಇಲ್ಲ. ನನ್ನ ಕೆಲಸ ಖಾಯಂ ಆಯಿತು, ನಿನ್ನನ್ನು ಸಮಿತಿ ಮುಂದುವರಿಸಲಿಲ್ಲ.

ಈಗ ನನ್ನ ಬಳಿ ನಿಂಕೆ ಎಂಬ ಸಂಶೋಧನಾ ವಿದ್ಯಾರ್ಥಿನಿ ಇದ್ದಾಳೆ. ಹಸು ಸಾಕುವವರ ಮಗಳು, ಯಾವುದನ್ನೂ ಸುಮ್ಮನೆ ನಂಬುವವಳಲ್ಲ. ಮಾರ್ಚ್‌ನಲ್ಲಿ ಒಂದು ದಿನ ಹತ್ತೂವರೆಯ ಕಾಫಿಗೆ ಬಂದವಳೇ, "ಗ್ರೀಟ್, ಒಂದು ತಮಾಷೆ ಕೇಳಿ. ಪದರಾನ ಎರಡರಷ್ಟು ದಪ್ಪ ಮಾಡ್ದೆ. ಕಾಂತತೆ ಮಾತ್ರ ಒಂದು ಚೂರೂ ಜಾಸ್ತಿ ಆಗ್ಲಿಲ್ಲ" ಎಂದಳು.

"ಅಳತೆ ತಪ್ಪಿರ್ಬೇಕು ಕಣೇ."

"ಮೂರು ಸಲ ಅಳೆದೆ. ಪದರಾನೇ ಇಲ್ದಿರೋ ಬರೀ ಹರಳೂ ಅಯಸ್ಕಾಂತ ಅಂತಿದೆ. ನಿಮ್ಮ ಹಳೇದನ್ನ ಕೊಡಿ, ಕೊಳೆ ಅಂಟಿದ್ರೆ ಹಿಡಿಯೋ ಅಂಚಲ್ಲೇ, ಅದನ್ನ ಕತ್ತರಿಸಿ ನೋಡೋಣ."

ಕೊಟ್ಟೆ. ನನಗೂ ನೋಡುವ ಆಸೆ. ಅಂಚು ಹೋಯಿತು, ಅಯಸ್ಕಾಂತವೂ ಹೋಯಿತು. ಸೂಕ್ಷ್ಮದರ್ಶಕದಲ್ಲಿ ಕತ್ತರಿಸಿ ತೆಗೆದ ಅಂಚಿನ ಮೇಲೆ ಉಕ್ಕಿನ ಹುಡಿ ಮಿನುಗುತ್ತಿತ್ತು.

"ನೀವು ಯಾವ ಚಿಮಟ ಹಿಡೀತಿದ್ರಿ?" ಎಂದಳು ನಿಂಕೆ.

ಅಳೆಯುವಾಗ ಪ್ಲಾಸ್ಟಿಕ್ಕಿನದೇ. ಬಿಸಿ ಒಲೆಯಿಂದ ಎತ್ತುವಾಗ ಮಾತ್ರ ಉಕ್ಕಿನದು; ಅಷ್ಟರಲ್ಲಿ ಏನಾಗುತ್ತದೆ ಅಂದುಕೊಂಡಿದ್ದೆ, ನಿಂಕೆಗೂ ಹಾಗೇ ಕಲಿಸಿದ್ದೆ. ಆ ಚಿಮಟ ನೀನೇ ಕೊಟ್ಟದ್ದು, ನೆನಪಿದೆಯಾ? ನನ್ನ ಹುಟ್ಟುಹಬ್ಬಕ್ಕೆ ನಾನು ಕೇಕ್ ತಂದ ದಿನ, "ನಿನ್ನ ಕೈಯಿಂದ ಎಲ್ಲಾ ಜಾರುತ್ತೆ, ತಗೋ ನಂದು" ಎಂದಿದ್ದೆ ನೀನು. ಅಂದಿನಿಂದ ನಿನ್ನ ಪದರವನ್ನು ಉಕ್ಕು ಮುಟ್ಟಲಿಲ್ಲ.

ಹಾಗಾದರೆ ಎಳೆತ ಮಾಡುವುದಾದರೂ ಏನು? ಇದು ತಲೆಗೆ ಹೊಕ್ಕ ಮೇಲೆ ನನಗೆ ನಾಚಿಕೆಯೂ ಮರೆತುಹೋಯಿತು. ಸೆಪ್ಟೆಂಬರಿನಲ್ಲಿ ನಿಂಕೆ ಶುದ್ಧ ಪದರಗಳನ್ನು ಗ್ರೆನೋಬಲ್‌ನ ನ್ಯೂಟ್ರಾನ್ ಕೇಂದ್ರಕ್ಕೆ ಒಯ್ದು ನ್ಯೂಟ್ರಾನ್ ಹಾಯಿಸಿ ನೋಡಿದಳು. ಮುಳ್ಳುಗಳು ಸುರುಳಿ ಮೆಟ್ಟಿಲಿನ ಹಾಗೆ ಒಂದಕ್ಕಿಂತ ಒಂದು ತುಸು ಹೆಚ್ಚು ತಿರುಗುತ್ತ ಹೋಗಿ ಒಟ್ಟಿನಲ್ಲಿ ರದ್ದಾಗುತ್ತವೆ. ಎಳೆತ ಸುರುಳಿಯನ್ನು ಬಿಗಿ ಮಾಡುತ್ತದೆ ಅಷ್ಟೇ, ಈ ಪದರದಲ್ಲಿ ಒಂದಿಷ್ಟು ವಿದ್ಯುತ್ತು ಮೂಡುವುದೂ ಆ ತಿರುವಿನಿಂದಲೇ. ನೀನು ಬಿಟ್ಟುಹೋದ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಇದನ್ನೇ ಬರೆದು, ಮುಂದೆ ಪ್ರಶ್ನೆಚಿಹ್ನೆ ಹಾಕಿದ್ದೀಯೆ.

ಹಳೆಯ ಲೇಖನ ಹಿಂತೆಗೆದುಕೊಳ್ಳುತ್ತೇನೆಂದು ಪತ್ರಿಕೆಗೆ ತಿಳಿಸಿದ್ದೇನೆ. "ಹೊಸ ಲೇಖನಕ್ಕೆ ರೆನ್ಸ್ಕೆ ಅವ್ರ ಹೆಸರು ಬೇಡ್ವಾ?" ಎಂದು ನಿಂಕೆ ದಿನಾ ಪೀಡಿಸುತ್ತಾಳೆ. ಹಾಕಲೇ?

ನಿನ್ನ ಮೊಣಕಾಲು ಬೇಗ ವಾಸಿಯಾಗಲಿ. ಈ ಚಳಿಗೆ ಕಾಲುವೆ ಗಟ್ಟಿಯಾಗಿ ಹೆಪ್ಪುಗಟ್ಟಲಿ, ಇಬ್ಬರೂ ಒಮ್ಮೆ ಸ್ಕೇಟ್ ಕಟ್ಟಿ ಜಾರಿ ಬರೋಣ.

ನಿನ್ನ
ಗ್ರೀಟ್

ಮರೆತಿದ್ದು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿನ್ನ ಪದರಕ್ಕೆ ಆಮ್ಲಜನಕ ಸಾಲದು, ಅದಕ್ಕೇ ಅಯಸ್ಕಾಂತವಾಗಲಿಲ್ಲ ಎಂದು ಸಮಿತಿಗೆ ಹೇಳಿದವರು ನಮ್ಮ ಪ್ರೊಫೆಸರ್ ಎಂದು ಇವತ್ತಿಗೂ ಅವರನ್ನು ಬೈಯುತ್ತೀಯೆ. ಹೇಳಿದ್ದು ನಾನು. ಹೇಳುವ ಮೊದಲು ನಿನ್ನ ಒಲೆಯ ದಾಖಲೆ ತೆಗೆದು ನೋಡಿದ್ದೆ. ಆಮ್ಲಜನಕ ಸರಿಯಾಗಿಯೇ ಇತ್ತು.